ರಾಗಿಗುಡ್ಡದ ಗೋಡೆಗೆ ಪೋಸ್ಟರ್ ವೀರ ಬೇಡ

2025ರ ಜುಲೈ ಕೊನೆಯ ವಾರ ನನ್ನ ಗೆಳೆಯನೊಬ್ಬನಿಗೆ ರಾಗಿಗುಡ್ಡದಲ್ಲಿ ಒಂದು ಗೋಡೆ ಸಿಕ್ಕಿತು. ಹಳೆಯ ಗೋದಾಮೊಂದರ ಪಕ್ಕದ ಗೋಡೆ, ಇಪ್ಪತ್ತಡಿ ಉದ್ದ, ಹತ್ತಡಿ ಎತ್ತರ. ಅದರ ಮೇಲೆ ಯುದ್ಧವಿಮಾನದ ಪೈಲಟ್ ಒಬ್ಬನ ಚಿತ್ರ ಬರೆಯಬೇಕು, ಆಗಸ್ಟ್ 15ರೊಳಗೆ ಮುಗಿಸಬೇಕು ಎಂದು ಅಲ್ಲಿನ ಹುಡುಗರ ಸಮಿತಿ ಹೇಳಿತ್ತು. ಗೆಳೆಯ ಹೈಸ್ಕೂಲಿನಲ್ಲಿ ನನ್ನ ಸಹಪಾಠಿ. ಭದ್ರಾವತಿಯಲ್ಲಿ ಲಾರಿಗಳಿಗೂ ಅಂಗಡಿಗಳಿಗೂ ಬೋರ್ಡ್ ಬರೆಯುತ್ತಿದ್ದ ಹಿರಿಯರೊಬ್ಬರ ಹತ್ತಿರ ಅಕ್ಷರ ತಿದ್ದಿದವನು. ಫ್ಲೆಕ್ಸ್ ಬಂದ ಮೇಲೆ ಅಕ್ಷರಕ್ಕೆ ಬೆಲೆಯಿಲ್ಲ. ಈಗ ಮನೆಗಳಿಗೆ ಬಣ್ಣ ಹೊಡೆಯುತ್ತಾನೆ. ಇಷ್ಟು ದೊಡ್ಡ ಚಿತ್ರದ ಕೆಲಸ ಅವನಿಗೆ ಮೂರು ವರ್ಷದಲ್ಲಿ ಇದೇ ಮೊದಲು.

"ಏನಾದ್ರೂ ಮಾಡೆಲ್ ಇದ್ರೆ ಕಳ್ಸು ಮಾರಾಯ್ತಿ" ಅಂದ. ಆ ರಾತ್ರಿಯೇ ಇಪ್ಪತ್ತು ಚಿತ್ರ ಕಳಿಸಿದೆ. ಎಲ್ಲವೂ ಎರಡನೇ ಮಹಾಯುದ್ಧದ ಕಾಲದ ಪ್ರಚಾರದ ಪೋಸ್ಟರುಗಳು. ಬ್ರಿಟನ್ನಿನವು, ಅಮೆರಿಕದವು, ಸೋವಿಯತ್ ರಷ್ಯಾದವು. ಜೊತೆಗೆ ಒಂದು ಸಾಲು: "ಇದೇ ಸ್ಟೈಲಲ್ಲಿ ಮಾಡು, ಸಖತ್ತಾಗಿರತ್ತೆ." ಯಾರೋ ಒಬ್ಬ ಪೈಲಟ್ ಯಾಕೆ, ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯನವರನ್ನೇ ಬರಿ ಎಂದೂ ಹೇಳಿದೆ. ಆದ್ದರಿಂದ ಮುಂದೆ ನಾನು ಬೈಯುವುದೆಲ್ಲ ಮೊದಲು ನನಗೇ ಸಲ್ಲಬೇಕು.

ಐದು ದಿನ ಬಿಟ್ಟು ಹೋಗಿ ನೋಡಿದೆ. ಪ್ರೈಮರ್ ಒಣಗಿತ್ತು, ದಾರಕ್ಕೆ ಪುಡಿ ಹಚ್ಚಿ ಹೊಡೆದ ಚೌಕಗಳ ಮೇಲೆ ಸ್ಕೆಚ್ ಎದ್ದಿತ್ತು. ಕೆಳಗಿನಿಂದ ನೋಡಿದಂತೆ ಬರೆದ ಮುಖ. ಹೆಲ್ಮೆಟ್ಟು, ಪಕ್ಕಕ್ಕೆ ಜೋತುಬಿದ್ದ ಆಮ್ಲಜನಕದ ಮುಸುಕು, ಬಂಡೆಯಂಥ ದವಡೆ, ಮೇಲಕ್ಕೆ ನೆಟ್ಟ ಕಣ್ಣು. ಬೆನ್ನ ಹಿಂದೆ ಬೀಸಣಿಗೆಯ ಹಾಗೆ ಹರಡಿದ ಸೂರ್ಯನ ಕಿರಣ. ಮೂಲೆಯಲ್ಲಿ ಬೆಂಕಿ ಹತ್ತಿ ಬೀಳುತ್ತಿರುವ ವೈರಿ ವಿಮಾನ, ಅದರ ಬಾಲದ ಮೇಲೆ ಅರ್ಧಚಂದ್ರ ಮತ್ತು ನಕ್ಷತ್ರ. ಕೆಲಸ ನಿಜಕ್ಕೂ ಚೆನ್ನಾಗಿತ್ತು. ಅದೇ ನನ್ನನ್ನು ಹೆದರಿಸಿತು. ಅಲ್ಲಿಯೇ ನಿಂತು, "ಇದು ಬೇಡ" ಅಂದೆ. ಆಗಿನಿಂದ ಇವತ್ತಿನವರೆಗೂ ಅವನು, ಸಮಿತಿಯವರು, ನನ್ನ ಜೊತೆಯ ಸಂಶೋಧನಾ ವಿದ್ಯಾರ್ಥಿಗಳು, ಎಲ್ಲರೂ ಹೇಳುತ್ತಿರುವುದು ಒಂದೇ ಮಾತು: "ಅದು ಬರೀ ಸ್ಟೈಲ್ ಅಲ್ವಾ?"

ಅಲ್ಲ. ಈ ಬರಹ ಅದಕ್ಕಾಗಿಯೇ.

ಯಾವ ಶೈಲಿಯೂ ಆಕಾಶದಿಂದ ಬೀಳುವುದಿಲ್ಲ. ಯಾವುದೋ ಕೆಲಸ ಮಾಡಿಸಲು ಹುಟ್ಟಿರುತ್ತದೆ. ಕಲ್ಲಚ್ಚಿನ ಕಾಲದಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು ಬೇಕಿತ್ತು. ಹಾಗಾಗಿ ಮೂರೋ ನಾಲ್ಕೋ ಬಣ್ಣ, ಚಪ್ಪಟೆ ಮೈ, ದಪ್ಪ ಅಂಚು. ಇದು ಖರ್ಚಿನ ಲೆಕ್ಕ. ಆದರೆ ಮುಖವನ್ನು ಕೆಳಗಿನಿಂದ ತೋರಿಸುವುದು, ಕಣ್ಣನ್ನು ನೋಡುಗರ ಮೇಲಿಡದೆ ಆಕಾಶಕ್ಕೆ ನೆಡುವುದು, ಮುಖದ ಮೇಲಿನ ಮೊಡವೆ, ಗಾಯ, ನಿದ್ದೆಗೇಡು ಎಲ್ಲವನ್ನೂ ಅಳಿಸುವುದು, ಇವು ಖರ್ಚಿನ ಲೆಕ್ಕವಲ್ಲ. ಬೀದಿಯಲ್ಲಿ ನಡೆದುಹೋಗುವ ಹತ್ತೊಂಬತ್ತರ ಹುಡುಗನಿಗೆ ಆ ಮುಖದ ಜಾಗದಲ್ಲಿ ತನ್ನ ಮುಖ ಕಾಣಬೇಕು. ಅದಕ್ಕೆ ಅಲ್ಲಿ ಬೇರೆ ಯಾರ ಮುಖವೂ ಇರಕೂಡದು. ಪೋಸ್ಟರಿನ ವೀರನಿಗೆ ಹೆಸರಿಲ್ಲದಿರುವುದು ಮರೆವಿನಿಂದ ಆದದ್ದಲ್ಲ. ಅದು ಹಾಗೆಯೇ ಇರಬೇಕು.

ಮೊದಲ ಮಹಾಯುದ್ಧಕ್ಕೆ ಬ್ರಿಟನ್ನಿನಲ್ಲಿ ಆಲ್‌ಫ್ರೆಡ್ ಲೀಟ್ 1914ರಲ್ಲಿ ಬರೆದ ಚಿತ್ರದಲ್ಲಿ ಕಿಚನರ್ ಬೆರಳು ತೋರಿಸುತ್ತಾನೆ. ಅದನ್ನು ನೋಡಿಕೊಂಡು ಅಮೆರಿಕದ ಜೇಮ್ಸ್ ಮಾಂಟ್‌ಗಾಮರಿ ಫ್ಲ್ಯಾಗ್ ಬರೆದ ಅಂಕಲ್ ಸ್ಯಾಮ್ ಪೋಸ್ಟರಿನ ನಲವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು 1917 ಮತ್ತು 1918ರಲ್ಲಿ ಅಚ್ಚಾದವು. ಎರಡೂ ಹೇಳುವುದು 'ನೀನು' ಎಂದು. ಎರಡನೇ ಯುದ್ಧದ ಹೊತ್ತಿಗೆ ಬೆರಳು ಹೋಗಿ ಪೈಲಟ್ ಬಂದ. 1940ರ ಆಗಸ್ಟ್ 20ರಂದು ಚರ್ಚಿಲ್ ಮಾಡಿದ ಭಾಷಣದ ಪ್ರಸಿದ್ಧ ವಾಕ್ಯವನ್ನು ಹಾಕಿ ಬ್ರಿಟಿಷ್ ಸರ್ಕಾರ ಅಚ್ಚು ಮಾಡಿಸಿದ ಪೋಸ್ಟರಿನಲ್ಲಿ ವಿಮಾನ ಯೋಧರು ಆಕಾಶದ ಕಡೆ ಮುಖವೆತ್ತಿ ನಿಂತಿದ್ದಾರೆ, ನಗುಮುಖ. ಅದೇ ಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡ್‌ನ ಸುಮಾರು 1,25,000 ವಿಮಾನ ಸಿಬ್ಬಂದಿಯಲ್ಲಿ 55,573 ಜನ ಸತ್ತರು. ನೂರಕ್ಕೆ ನಲವತ್ನಾಲ್ಕು. ಆ ಲೆಕ್ಕವನ್ನು ಯಾವ ಪೋಸ್ಟರೂ ಬರೆಯಲಿಲ್ಲ. ಬರೆದರೆ ಅದು ಪೋಸ್ಟರಾಗಿ ಕೆಲಸ ಮಾಡುವುದಿಲ್ಲ.

ಈಗ ದೇವಯ್ಯನವರ ಕಥೆಗೆ ಬನ್ನಿ. ನನ್ನ ಗೆಳೆಯನ ಚಿತ್ರದಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಹೇಳಲು ಅದು ಬೇಕು.

ಅಜ್ಜಮಾಡ ಬೋಪಯ್ಯ ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ಭಾರತದ ವಾಯುಪಡೆ ಹುಟ್ಟಿದ್ದೂ ಅದೇ ವರ್ಷ, ಅಕ್ಟೋಬರ್ 8ಕ್ಕೆ. 1954ರಲ್ಲಿ ವಾಯುಪಡೆ ಸೇರಿದರು. 1965ರ ಯುದ್ಧ ಶುರುವಾದಾಗ ಹೊಸ ಹುಡುಗರಿಗೆ ಹಾರುವುದನ್ನು ಕಲಿಸುವ ಮೇಷ್ಟರಾಗಿದ್ದರು. ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ಮುಂದಾಳು ಒ.ಪಿ. ತನೇಜಾ. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ, ಅವರು ಮೀಸಲು ಪೈಲಟ್. ಒಂದು ವಿಮಾನ ಹಿಂದೆ ಉಳಿದಿದ್ದರಿಂದ ಅವರಿಗೆ ಜಾಗ ಸಿಕ್ಕಿತು. ಪಾಕಿಸ್ತಾನದ ಅಮ್ಜದ್ ಹುಸೇನ್ ಎಂಬ ಪೈಲಟ್ ಹಾರಿಸುತ್ತಿದ್ದ ಎಫ್-104 ಸ್ಟಾರ್‌ಫೈಟರ್ ಅವರಿಗೆ ಎದುರಾಯಿತು. ಮಿಸ್ಟೇರ್ ಶಬ್ದದ ವೇಗವನ್ನೂ ನೆಟ್ಟಗೆ ದಾಟಲಾರದ ವಿಮಾನ. ಸ್ಟಾರ್‌ಫೈಟರ್ ಅದರ ಎರಡು ಪಟ್ಟು ವೇಗದ್ದು. ಗುಂಡೇಟು ತಿಂದ ಮೇಲೂ ದೇವಯ್ಯ ತಿರುಗಿ ಹೋರಾಡಿದರು. ಅವರ ಗುಂಡಿಗೆ ಸ್ಟಾರ್‌ಫೈಟರ್ ಬಿತ್ತು, ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ. ಮೂವತ್ತೆರಡು ವರ್ಷ.

ಇದನ್ನು ನೋಡಿದವರು ನಮ್ಮ ಕಡೆಯಲ್ಲಿ ಯಾರೂ ಇರಲಿಲ್ಲ. ವಾಯುಪಡೆಯ ದಾಖಲೆಯಲ್ಲಿ ಅವರು 'ಕಾಣೆಯಾದವರು'. ಹದಿನಾಲ್ಕು ವರ್ಷದ ನಂತರ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಆ ಯುದ್ಧದ ಬಗ್ಗೆ ಪಾಕಿಸ್ತಾನದ ವಾಯುಪಡೆಯ ಮೂಲಗಳನ್ನು ಹಿಡಿದು ಪುಸ್ತಕ ಬರೆದ. ಒಂದು ಮಿಸ್ಟೇರ್ ತಮ್ಮ ಸ್ಟಾರ್‌ಫೈಟರನ್ನು ಹೊಡೆದುಹಾಕಿತು ಎಂಬ ಸಂಗತಿ ಅದರಲ್ಲಿತ್ತು. ಅಲ್ಲಿಂದ ಇಲ್ಲಿನವರು ಲೆಕ್ಕ ಹಾಕಿದರು. ಆ ದಿನ ಆ ಹೊತ್ತಿಗೆ ಅಲ್ಲಿ ಇರಬಹುದಾಗಿದ್ದ, ವಾಪಸು ಬಾರದ ಮಿಸ್ಟೇರ್ ಯಾವುದು? 1988ರಲ್ಲಿ, ಸತ್ತು ಇಪ್ಪತ್ತಮೂರು ವರ್ಷದ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಕೊಟ್ಟರು. ಪದಕ ತೆಗೆದುಕೊಂಡದ್ದು ಅವರ ಪತ್ನಿ. ಅವರ ದೇಹ ಅಲ್ಲಿನ ಹೊಲದಲ್ಲಿ ಸಿಕ್ಕಿತೆಂದೂ, ಊರವರೇ ಮಣ್ಣು ಮಾಡಿದರೆಂದೂ ಆ ಕಡೆಯ ಬರಹಗಳು ಹೇಳುತ್ತವೆ.

ಈ ಕಥೆಯಲ್ಲಿ ಯಾವುದು ನಿಮ್ಮನ್ನು ಅಲ್ಲಾಡಿಸುತ್ತದೆ? ನನಗಂತೂ ದವಡೆಯಲ್ಲ. ದೇವಯ್ಯನವರ ಶೌರ್ಯಕ್ಕೆ ಸಾಕ್ಷಿ ಹೇಳಿದ್ದು ವೈರಿ. ಅವರ ಪದಕ ಬಂದದ್ದು ಸೋತ ಪೈಲಟ್ ಬದುಕಿ ಉಳಿದದ್ದರಿಂದ, ಆ ಕಡೆಯವರು ಸೋಲನ್ನು ಬರೆದಿಟ್ಟದ್ದರಿಂದ. ಎದುರಾಳಿಯನ್ನು ಬರೀ ಉರಿಯುವ ಬಾಲವಾಗಿ ತೋರಿಸುವ ಚಿತ್ರದಲ್ಲಿ ದೇವಯ್ಯನವರ ಕಥೆ ಹಿಡಿಸುವುದೇ ಇಲ್ಲ. ಅವರನ್ನು ಪೋಸ್ಟರ್ ಮಾಡಬೇಕಾದರೆ ಅಮ್ಜದ್ ಹುಸೇನರನ್ನು ಅಳಿಸಬೇಕು. ಅವರನ್ನು ಅಳಿಸಿದರೆ ದೇವಯ್ಯ ಮತ್ತೆ 'ಕಾಣೆಯಾದವರು'. ಇಪ್ಪತ್ತಮೂರು ವರ್ಷ ಕಾದ ಒಂದು ಮನೆ, ಕಡತ ಹಿಡಿದು ವಾದಿಸಿದ ಸಹೋದ್ಯೋಗಿಗಳು, ಇಂಗ್ಲೆಂಡಿನ ಒಬ್ಬ ಬರಹಗಾರ, ಯಾರೂ ಆ ಇಪ್ಪತ್ತಡಿಯಲ್ಲಿ ಇಲ್ಲ. 2025ರ ಜನವರಿಯಲ್ಲಿ ಬಂದ 'ಸ್ಕೈ ಫೋರ್ಸ್' ಹಿಂದಿ ಸಿನಿಮಾ ಇದೇ ಘಟನೆಯಿಂದ ಹುಟ್ಟಿದ್ದು. ಅದರಲ್ಲಿ ಪಾತ್ರಕ್ಕೆ ದೇವಯ್ಯನವರ ಹೆಸರಿಲ್ಲ, ಟಿ. ಕೃಷ್ಣ ವಿಜಯ ಎಂದು ಹೆಸರಿಟ್ಟಿದ್ದಾರೆ. ಒಬ್ಬ ಮನುಷ್ಯ ಎಷ್ಟು ಸಲ ಕಾಣೆಯಾಗಬೇಕು?

ಇನ್ನೊಂದು ಮಾತು. 'ಹಳೆಯ' ಪೋಸ್ಟರ್ ಎಂದಾಗ ನಮಗೆ ಒಂದು ಹಿತವಾದ ಹಳದಿ ಬಣ್ಣ ಕಣ್ಣಿಗೆ ಬರುತ್ತದೆ. ಹಳತಾಯಿತು, ಹಲ್ಲು ಉದುರಿತು, ಇನ್ನು ಕಚ್ಚುವುದಿಲ್ಲ ಎಂಬ ಧೈರ್ಯ. ಆದರೆ ಈ ಪೋಸ್ಟರುಗಳು ಹೊಸದಾಗಿದ್ದಾಗ ಶಿವಮೊಗ್ಗದವರು ಎಲ್ಲಿದ್ದರು? ಎರಡನೇ ಮಹಾಯುದ್ಧದಲ್ಲಿ ಇಪ್ಪತ್ತೈದು ಲಕ್ಷ ಭಾರತೀಯರು ಬ್ರಿಟಿಷರ ಸೈನ್ಯದಲ್ಲಿ ದುಡಿದರು. ಅದೇ 1942ರಲ್ಲಿ ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ತಾನು ಸ್ವತಂತ್ರ ಎಂದು ಘೋಷಿಸಿಕೊಂಡಿತು. ಗಲಭೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಅಂದರೆ ನಾನು ಫೋನಿನಲ್ಲಿ ಕಳಿಸಿದ ಆ ಸುಂದರ ಪೋಸ್ಟರುಗಳಲ್ಲಿ ಅರ್ಧ, ಈಸೂರಿನವರು ಯಾರ ವಿರುದ್ಧ ಎದ್ದರೋ ಅವರ ಗೋಡೆಯಿಂದ ಬಂದವು. ಅದೇ ಅಚ್ಚಿನಲ್ಲಿ ಸ್ವಾತಂತ್ರ್ಯ ದಿನಾಚರಣೆಯ ಚಿತ್ರ ಮಾಡಿಸಲು ಹೊರಟವಳು ನಾನು, ಇದೇ ಜಿಲ್ಲೆಯಲ್ಲಿ ಓದಿದವಳು!

ಇನ್ನು ಜಾಗದ ಮಾತು. ಇದೇ ಚಿತ್ರ ಬೇರೆ ಊರಿನ ಯಾವುದೋ ಕೆಫೆಯ ಗೋಡೆಯ ಮೇಲಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದೆನೋ ಇಲ್ಲವೋ. ಇದು ರಾಗಿಗುಡ್ಡ. 2023ರ ಅಕ್ಟೋಬರ್ 1ರಂದು, ಈದ್ ಮಿಲಾದ್ ಮೆರವಣಿಗೆಯ ದಿನ, ಇಲ್ಲಿ ಕಲ್ಲು ಬಿದ್ದವು, ಮನೆಗಳ ಗಾಜು ಒಡೆಯಿತು, ನಿಷೇಧಾಜ್ಞೆ ಬಂತು. ಅದಕ್ಕೂ ಮುಂಚೆ ಜಗಳ ಹುಟ್ಟಿದ್ದು ಒಂದು ಕಟೌಟಿನ ಬಗ್ಗೆ, ಅದರಲ್ಲಿದ್ದ ಟಿಪ್ಪುವಿನ ಚಿತ್ರದ ಬಗ್ಗೆ. ಅದಕ್ಕೆ ಒಂದು ವರ್ಷ ಮೊದಲು, 2022ರ ಆಗಸ್ಟ್ 15ರಂದೇ, ಅಮೀರ್ ಅಹಮದ್ ವೃತ್ತದಲ್ಲಿ ಸಾವರ್ಕರ್ ಫ್ಲೆಕ್ಸ್ ಹಾಕುವುದೋ ಟಿಪ್ಪು ಫ್ಲೆಕ್ಸ್ ಹಾಕುವುದೋ ಎಂದು ಶುರುವಾದದ್ದು ಒಬ್ಬ ಯುವಕನಿಗೆ ಚಾಕು ಹಾಕುವವರೆಗೆ ಹೋಯಿತು. ಎರಡೂ ಸಲ ನಡುವೆ ಇದ್ದದ್ದು ಚಿತ್ರ. ದೊಡ್ಡದಾಗಿ, ಕೆಳಗಿನಿಂದ ನೋಡುವಂತೆ ನಿಲ್ಲಿಸಿದ ವೀರನ ಚಿತ್ರ. ಯಾರು ಸರಿ ಯಾರು ತಪ್ಪು ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ನನ್ನ ಪ್ರಶ್ನೆ ಚಿತ್ರ ಬರೆಯುವವರಿಗೆ. ಇಷ್ಟೆಲ್ಲ ಕಂಡ ಊರಿನಲ್ಲಿ ನಿಂತು 'ಬರೀ ಸ್ಟೈಲ್' ಎನ್ನಲು ನಾಲಿಗೆ ಹೇಗೆ ತಿರುಗುತ್ತದೆ?

ಬೀಳುವ ವಿಮಾನದ ಬಾಲದ ಮೇಲೆ ಅರ್ಧಚಂದ್ರ. ಪಾಕಿಸ್ತಾನದ ವಿಮಾನಕ್ಕೆ ಆ ಗುರುತು ಇದ್ದದ್ದು ನಿಜವೇ, ಸುಳ್ಳಲ್ಲ. ಆದರೆ ಆ ಗೋಡೆಯ ಎದುರಿನ ಓಣಿಯಲ್ಲಿ ಮನೆಯಿಂದ ಹೊರಬಂದ ಮಗು ದಿನಾ ಬೆಳಿಗ್ಗೆ ನೋಡುವುದು ಬೆಂಕಿ ಹತ್ತಿದ ಚಂದ್ರ. ಅದು ಯಾವ ದೇಶದ ವಿಮಾನ, ಯಾವ ಇಸವಿ, ಅದನ್ನು ಹಾರಿಸುತ್ತಿದ್ದವನು ಮುಂದೆ ಏನಾದ ಎಂದು ಗೋಡೆ ಹೇಳುವುದಿಲ್ಲ. ಹೇಳದ ಜಾಗವನ್ನು ಓಣಿಯೇ ತುಂಬಿಸಿಕೊಳ್ಳುತ್ತದೆ. ಆ ಕಡೆಯವರು ಒಂದು ಬಗೆಯಲ್ಲಿ, ಈ ಕಡೆಯವರು ಇನ್ನೊಂದು ಬಗೆಯಲ್ಲಿ.

ಸಮಿತಿಯ ಹುಡುಗನೊಬ್ಬ ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹೇಳಿದ. "ಅಕ್ಕ, ಹಂಗಾದ್ರೆ ಪಕ್ಕದ ಗೋಡೇಲಿ ಅಬ್ದುಲ್ ಹಮೀದ್ ಹಾಕ್ಸೋಣ. ಲೆವೆಲ್ ಆಗತ್ತೆ." ಪರಮವೀರ ಚಕ್ರದ ಅಬ್ದುಲ್ ಹಮೀದ್ ಸತ್ತದ್ದು ದೇವಯ್ಯನವರು ಸತ್ತ ಮೂರೇ ದಿನಕ್ಕೆ, ಅದೇ ಯುದ್ಧದಲ್ಲಿ. ಹುಡುಗನಿಗೆ ಅದು ಗೊತ್ತಿತ್ತು ಎಂಬುದು ನನಗೆ ಖುಷಿ. ಆದರೆ ಈ 'ಲೆವೆಲ್' ಮಾಡುವ ಲೆಕ್ಕವೇ ನಮ್ಮ ಊರನ್ನು ಇಲ್ಲಿಗೆ ತಂದದ್ದು. ನಿಮ್ಮದೊಂದು ಫ್ಲೆಕ್ಸ್, ನಮ್ಮದೊಂದು ಫ್ಲೆಕ್ಸ್. ನಿಮ್ಮದು ಹತ್ತಡಿ ಆದರೆ ನಮ್ಮದು ಹನ್ನೆರಡು. ಎರಡು ಪೋಸ್ಟರ್ ಸೇರಿದರೆ ಒಂದು ಸತ್ಯ ಆಗುವುದಿಲ್ಲ. ಹಮೀದರೂ ಮನುಷ್ಯರೇ. ಅವರನ್ನೂ ಯಾಕೆ ದವಡೆ ಮಾಡಿ ನಿಲ್ಲಿಸಬೇಕು?

ನನ್ನ ವಿರುದ್ಧ ಎರಡು ಗಟ್ಟಿ ವಾದಗಳಿವೆ. ಮೊದಲನೆಯದನ್ನು ನನ್ನ ಹಾಸ್ಟೆಲಿನ ಗೆಳತಿ ಎತ್ತಿದಳು. ಪೋಸ್ಟರ್ ಮುಖವಿಲ್ಲದವರಿಗೆ ಮುಖ ಕೊಟ್ಟದ್ದೂ ಉಂಟಲ್ಲ, ಎಂದಳು. ಉಂಟು. 1943ರಲ್ಲಿ ಅಮೆರಿಕದ ಯುದ್ಧ ಬಾಂಡುಗಳ ಪೋಸ್ಟರೊಂದರಲ್ಲಿ ಟಸ್ಕೆಗೀ ತರಬೇತಿಯ ಕಪ್ಪು ಪೈಲಟ್ ಒಬ್ಬನನ್ನು ಬರೆದರು. ಕಪ್ಪು ಜನರಿಗೆ ವಿಮಾನ ಹಾರಿಸುವ ಬುದ್ಧಿಯೇ ಇಲ್ಲ ಎನ್ನುತ್ತಿದ್ದ ದೇಶದಲ್ಲಿ ಅದು ಸಣ್ಣ ಸಂಗತಿಯಲ್ಲ. ಯಾವ ಮನೆಯ ಹುಡುಗನೋ ಅದನ್ನು ನೋಡಿ ಎದೆಯುಬ್ಬಿಸಿ ನಡೆದಿರುತ್ತಾನೆ, ಒಪ್ಪುತ್ತೇನೆ. ಆದರೆ ಆ ಪೋಸ್ಟರ್ ಗೋಡೆಯಲ್ಲಿದ್ದಾಗಲೇ ಅದೇ ಪೈಲಟ್‌ಗಳನ್ನು ಬೇರೆ ತುಕಡಿ, ಬೇರೆ ನೆಲೆ ಎಂದು ಪ್ರತ್ಯೇಕವಾಗಿ ಇಟ್ಟಿದ್ದರು. ಸೈನ್ಯದಲ್ಲಿ ಆ ಭೇದ ನಿಲ್ಲಿಸುವ ಆದೇಶ ಬಂದದ್ದು 1948ರಲ್ಲಿ, ಯುದ್ಧ ಮುಗಿದು ಮೂರು ವರ್ಷಕ್ಕೆ. ಪೋಸ್ಟರ್ ಅವನ ಮುಖವನ್ನು ಬಳಸಿಕೊಂಡಿತು. ಅವನ ದೂರನ್ನು ಕೇಳಲಿಲ್ಲ.

ಎರಡನೆಯ ವಾದ ನನ್ನ ಗೆಳೆಯನದೇ, ಅದು ನನಗೆ ಬಲವಾಗಿ ತಾಗಿತು. ನಾನು ಪಿಎಚ್.ಡಿ. ಮಾಡುತ್ತಿರುವುದು ಮಲೆನಾಡಿನ ಅಂಚಿನ ವೀರಗಲ್ಲುಗಳ ಮೇಲೆ. ಏಣಿಯ ಮೇಲಿಂದಲೇ ಕೇಳಿದ: "ನೀನು ನಾಕು ವರ್ಷದಿಂದ ನೋಡ್ತಿರೋ ಕಲ್ಲು ಏನು ಮತ್ತೆ? ಅದೂ ಪೋಸ್ಟರೇ ಅಲ್ವಾ? ಸತ್ತವ್ನನ್ನ ಅಪ್ಸರೆಯರು ಎತ್ಕೊಂಡು ಹೋಗ್ತಾರೆ ಅಂತ ಕೆತ್ತಿದ್ರೆ ಅದು ಸೈನ್ಯಕ್ಕೆ ಜನ ಸೇರ್ಸೋದಲ್ದೆ ಇನ್ನೇನು?"

ಉತ್ತರಕ್ಕೆ ನನಗೆ ಎರಡು ದಿನ ಬೇಕಾಯಿತು. ಅವನು ಹೇಳಿದ್ದರಲ್ಲಿ ಅರ್ಧ ನಿಜ. ವೀರಗಲ್ಲು ಕೂಡ ಸಾವಿಗೆ ಆಸೆ ತೋರಿಸುತ್ತದೆ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಮಗ ಹೋದ ತಾಯಿಗೆ ಅದು ಸಮಾಧಾನ, ಇನ್ನೊಬ್ಬಳ ಮಗನಿಗೆ ಅದು ಕರೆ. ಇದನ್ನು ಮುಚ್ಚಿಡುವುದಿಲ್ಲ. ಆದರೂ ನೀವು ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿನ ಕಲ್ಲುಗಳ ಮುಂದೆ ಅರ್ಧ ಗಂಟೆ ನಿಂತರೆ ಮೂರು ವ್ಯತ್ಯಾಸ ಕಾಣುತ್ತದೆ.

ಕಲ್ಲು ನಿಲ್ಲುವುದು ಸತ್ತ ಮೇಲೆ. ಅದು 'ಅವನು' ಎನ್ನುತ್ತದೆ, ಪೋಸ್ಟರು 'ನೀನು' ಎನ್ನುತ್ತದೆ. ಬರಹವಿಲ್ಲದ ಕಲ್ಲುಗಳು ಬಹಳ ಇವೆ, ಆದರೆ ಬರಹವಿದ್ದಲ್ಲಿ ಅವನು ಯಾರ ಮಗ, ಯಾವ ಊರು, ತುರುಗೊಳ್ ಕಾಳಗದಲ್ಲೋ ಊರಳಿವಿನಲ್ಲೋ ಹೇಗೆ ಸತ್ತ ಎಂದು ಹೇಳುತ್ತದೆ. ಆತಕೂರಿನ ಹತ್ತನೇ ಶತಮಾನದ ಶಾಸನದಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ನಾಯಿಯ ಹೆಸರೂ ಇದೆ, ಕಾಳಿ ಎಂದು. ಸಾವಿರ ವರ್ಷದ ಹಿಂದೆ ನಾಯಿಗೆ ಇದ್ದ ಹೆಸರು ಇವತ್ತಿನ ಗೋಡೆಯ ಮೇಲೆ ಸ್ಕ್ವಾಡ್ರನ್ ಲೀಡರ್ ಒಬ್ಬರಿಗೆ ಇಲ್ಲ. ಎರಡನೆಯದು, ಎದುರಾಳಿ. ವೀರನನ್ನು ಕೊಂಚ ದೊಡ್ಡದಾಗಿ ಕೆತ್ತಿರಬಹುದು, ಆದರೆ ಎದುರಿನವನಿಗೂ ಕೈಕಾಲು, ಬಿಲ್ಲು, ಗುರಾಣಿ ಇದೆ. ಅದೇ ಪಟ್ಟಿಯಲ್ಲಿ, ಅದೇ ನೆಲದ ಮೇಲೆ ನಿಂತಿದ್ದಾನೆ. ಆತಕೂರಿನಲ್ಲಿ ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು ಎಂದು ಶಾಸನ ಒಪ್ಪಿಕೊಳ್ಳುತ್ತದೆ. ಮೂರನೆಯದೇ ನನಗೆ ಮುಖ್ಯ: ಸತ್ತವನ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆ, ಅಂದರೆ ರಕ್ತಕ್ಕೆ ಬದಲಾಗಿ ಬಿಟ್ಟುಕೊಟ್ಟ ಭೂಮಿ. ಅದನ್ನು ಕೊಟ್ಟೆವು ಎಂದು ಕಲ್ಲಿನ ಮೇಲೆ, ಊರೆಲ್ಲ ನೋಡುವಂತೆ ಬರೆಸುತ್ತಿದ್ದರು. ಋಣದ ಪತ್ರ ಅದು. ಯಾವ ಯುದ್ಧ ಪೋಸ್ಟರು ತನ್ನ ಋಣವನ್ನು ಹೀಗೆ ಬರೆದುಕೊಂಡಿದೆ?

ಋಣದ ಮಾತು ಯಾಕೆ ಅಂದರೆ, ಆ ಗೋಡೆಯ ಮುಂದೆ ದಿನಾ ಬೆಳಿಗ್ಗೆ ಐದೂವರೆಗೆ ಒಬ್ಬ ಹುಡುಗ ಓಡುತ್ತಾನೆ. ಪಕ್ಕದ ಬೀದಿಯವನು, ಪಿಯುಸಿ ಮುಗಿಸಿದ್ದಾನೆ, ಅಗ್ನಿವೀರ್ ಆಗಬೇಕು. ಸ್ಕೆಚ್ ನೋಡಲು ನಿಂತವನು ಗೆಳೆಯನಿಗೆ, "ಅಣ್ಣ, ಮುಗಿದ್ಮೇಲೆ ಇದರ ಮುಂದೆ ನಂದೊಂದು ಫೋಟೋ ತೆಗೀರಿ" ಅಂದ. ಅವನನ್ನು ನಾನು ಹಾಸ್ಯ ಮಾಡಲಾರೆ. ಕೆಲಸ ಬೇಕು, ಗೌರವ ಬೇಕು, ಮನೆಗೆ ಸಂಬಳ ಬೇಕು. ಪಹಲ್ಗಾಮ್‌ನಲ್ಲಿ 2025ರ ಏಪ್ರಿಲ್ 22ರಂದು ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಒಬ್ಬರಿದ್ದರು. ಆ ಶವ ಊರಿಗೆ ಬಂದ ದಿನ ಅವನೂ ರಸ್ತೆಯಲ್ಲಿ ನಿಂತಿದ್ದನಂತೆ. ಅವನ ಸಿಟ್ಟೂ ದುಃಖವೂ ಸುಳ್ಳಲ್ಲ. ಆದರೆ 2022ರಲ್ಲಿ ಬಂದ ಆ ಯೋಜನೆಯಲ್ಲಿ ನೌಕರಿ ನಾಲ್ಕು ವರ್ಷ. ಮುಂದುವರಿಯುವವರು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು. ಉಳಿದವರು ಒಂದು ಇಡುಗಂಟು ಹಿಡಿದು, ಪಿಂಚಣಿಯಿಲ್ಲದೆ, ಇಪ್ಪತ್ತಮೂರೋ ಇಪ್ಪತ್ನಾಲ್ಕೋ ವಯಸ್ಸಿಗೆ ಊರಿಗೆ ಬರುತ್ತಾರೆ. ಇದು ಸರಿಯೋ ತಪ್ಪೋ ಎಂದು ಬೇರೆ ಕಡೆ ವಾದಿಸೋಣ. ಕರೆಯುವವರು ಕೊಡುವುದೆಷ್ಟು ಎಂಬುದನ್ನು ಕರೆಯುವ ಚಿತ್ರ ಹೇಳುವುದಿಲ್ಲ ಎಂದಷ್ಟೇ ನನ್ನ ತಕರಾರು. ಆಕಾಶಕ್ಕೆ ನೆಟ್ಟ ಕಣ್ಣಿಗೆ ನೆಲದ ಲೆಕ್ಕ ಕಾಣುವುದಿಲ್ಲ. ಚಿತ್ರಕಾರ ಬೇಕೆಂದೇ ಆ ಕಣ್ಣನ್ನು ಅಲ್ಲಿ ನೆಟ್ಟಿರುತ್ತಾನೆ. ನಾನು ಬೇಕೆಂದೇ ಆ ಮಾಡೆಲ್ ಕಳಿಸಿದ್ದೆ.

ಹಾಗಾದರೆ ಏನು ಬರೆಯಬೇಕಿತ್ತು? ಗೆಳೆಯ ಇದನ್ನೂ ಕೇಳಿದ, ಸ್ವಲ್ಪ ಸಿಟ್ಟಿನಲ್ಲೇ. ನಾನು ಮೂರು ಪಟ್ಟಿಯ ಒಂದು ಕಚ್ಚಾ ನಕ್ಷೆ ಕೊಟ್ಟೆ. ಕೆಳಗೆ ಎರಡು ವಿಮಾನ, ಒಂದೇ ಅಳತೆಯವು, ಎರಡರಲ್ಲೂ ಒಬ್ಬೊಬ್ಬ ಮನುಷ್ಯ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರ ಜಾಗಕ್ಕೆ ಕಾಯುವ ಮನೆ, ಕಡತ, ಪುಸ್ತಕ ಹಿಡಿದ ಕೈ. ಮೇಲೆ ಕೈಲಾಸದ ಜಾಗದಲ್ಲಿ ಹೊಲ ಮತ್ತು ಮಣ್ಣು. ಪಕ್ಕದಲ್ಲಿ ಅವನ ಒಳ್ಳೆಯ ಭದ್ರಾವತಿ ಅಕ್ಷರದಲ್ಲಿ ಹೆಸರು, ಹುಟ್ಟು, ದಿನಾಂಕ, ಸಾಕ್ಷಿ ಯಾರು ಎಂಬುದು. ಅವನು ತುಂಬ ಹೊತ್ತು ನೋಡಿದ. "ಚೆನ್ನಾಗಿದೆ. ಆದ್ರೆ ಇದಕ್ಕೆ ಅವ್ರು ದುಡ್ಡು ಕೊಡಲ್ಲ" ಅಂದ.

ಕೊಡಲಿಲ್ಲ. ಸಮಿತಿಯವರು ನನ್ನ ನಕ್ಷೆಯನ್ನು ನೋಡಿ, "ಇದೇನಕ್ಕಾ, ತಿಥಿ ಕಾರ್ಡ್ ಇದ್ದಂಗಿದೆ" ಅಂದರು. ನಾನು ವಾದಿಸಿದೆ, ಸೋತೆ. ಗೆಳೆಯನಿಗೆ ಆ ತಿಂಗಳ ಬಾಡಿಗೆ ಕಟ್ಟಬೇಕಿತ್ತು. ನನ್ನ ಫೆಲೋಶಿಪ್ಪಿನ ನೆರಳಿನಲ್ಲಿ ನಿಂತು ಅವನಿಗೆ ಕೆಲಸ ಬಿಡು ಎನ್ನುವ ಅಧಿಕಾರ ನನಗಿರಲಿಲ್ಲ, ಅನ್ನಲೂ ಇಲ್ಲ. ಅವನು ಪೋಸ್ಟರನ್ನೇ ಬರೆದ. ಆದರೆ ಸಮಿತಿಯವರ ಹತ್ತಿರ ಎರಡು ವಿಷಯಕ್ಕೆ ಹಟ ಹಿಡಿದನಂತೆ. ಬೀಳುವ ವಿಮಾನದ ಬಾಲವನ್ನು ಹೊಗೆಯಲ್ಲಿ ಮುಚ್ಚಿದ. ಕೆಳಗೆ ಎರಡು ಸಾಲಿನಲ್ಲಿ ದೇವಯ್ಯನವರ ಪೂರ್ತಿ ಹೆಸರು, 1932, 1965, 1988 ಎಂದು ಬರೆದ. ಆಗಸ್ಟ್ 15ಕ್ಕೆ ಅದರ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಂಡರು. ಓಡುವ ಹುಡುಗನೂ.

ಆಮೇಲೊಂದು ಸಂಜೆ ಹೋದಾಗ ಅದೇ ಹುಡುಗ ಸಿಕ್ಕ. "ಅಕ್ಕ, 1988 ಯಾಕೆ? ಅವ್ರು ಸತ್ತಿದ್ದು 65ರಲ್ಲಿ ಅಲ್ವಾ?" ಎಂದು ಕೇಳಿದ. ಗೋದಾಮಿನ ಕಟ್ಟೆಯ ಮೇಲೆ ಕೂತು ಅಮ್ಜದ್ ಹುಸೇನರ ವಿಷಯದಿಂದ ಶುರು ಮಾಡಿ ಎಲ್ಲ ಹೇಳಿದೆ. ಅವನು ಕೇಳಿದ ಎರಡನೇ ಪ್ರಶ್ನೆ, "ಆ ಪಾಕಿಸ್ತಾನದವ್ನು ಯಾಕೆ ನಿಜ ಹೇಳ್ದ?" ಎಂದು. ಇಪ್ಪತ್ತಡಿ ಮುಖ ಹುಟ್ಟಿಸದ ಪ್ರಶ್ನೆಯನ್ನು ಮೂಲೆಯ ಒಂದು ಇಸವಿ ಹುಟ್ಟಿಸಿತ್ತು.

ಈ ಪತ್ರಿಕೆ ಓದುವವರಲ್ಲಿ ಚಿತ್ರ ಬರೆಯುವವರಿದ್ದೀರಿ, ಕಂಪ್ಯೂಟರಿನಲ್ಲಿ ಪೋಸ್ಟರ್ ಮಾಡುವವರಿದ್ದೀರಿ, ಈಗಂತೂ ಯಂತ್ರಕ್ಕೆ ಒಂದು ಸಾಲು ಹೇಳಿ 'ಹಳೆಯ ಪ್ರಚಾರದ ಶೈಲಿಯಲ್ಲಿ ವಿಮಾನ ಯೋಧ' ಎಂದರೆ ಅರೆ ನಿಮಿಷಕ್ಕೆ ಹತ್ತು ದವಡೆ ಬರುತ್ತವೆ. ಕಾಲೇಜಿನ ಫೆಸ್ಟಿಗೋ ಗಣಪತಿ ಪೆಂಡಾಲಿಗೋ ಯಾರಾದರೂ ಅಂಥದ್ದನ್ನು ಕೇಳಿದಾಗ, ಅವರಿಗೆ ಹೆಸರು ಕೇಳಿ. ಹೆಸರಿಲ್ಲ ಅಂದರೆ ಬರೆಯಬೇಡಿ. ಹೆಸರಿದ್ದರೆ ಆ ಮನುಷ್ಯನಿಗೆ ಆಮೇಲೆ ಏನಾಯಿತು, ಅವನ ಮನೆಗೆ ಏನು ಸಿಕ್ಕಿತು, ಎದುರಿಗೆ ಯಾರಿದ್ದರು ಎಂದು ಹುಡುಕಿ, ಅದರಲ್ಲಿ ಒಂದನ್ನಾದರೂ ಚಿತ್ರದೊಳಗೆ ತನ್ನಿ. ಕೊಡುವ ದುಡ್ಡಿಗೆ ಬಗ್ಗಬೇಕಾಗಿ ಬಂದರೆ ನನ್ನ ಗೆಳೆಯನಂತೆ ಎರಡು ಸಾಲಿಗಾದರೂ ಜಗಳ ಆಡಿ. ಯಾರಾದರೂ ಮಾಡೆಲ್ ಕೇಳಿದರೆ ನಾನು ಮಾಡಿದಂತೆ ರಾತ್ರಿ ಕೂತು ಇಪ್ಪತ್ತು ಪೋಸ್ಟರ್ ಕಳಿಸಬೇಡಿ. ಶಿವಪ್ಪನಾಯಕನ ಅರಮನೆಗೆ ಕರೆದುಕೊಂಡು ಹೋಗಿ.